ಎರಡ ಹೆಜ್ಜಿ

ಬನಹಟ್ಟಿ ನೇಕಾರ ಸಂಘದ ಪಡಸಾಲ್ಯಾಗ
ಹನ್ನೊಂದು ಮಂದಿ ಮುದುಕೇರು, ಒಂದ ಚಾಪಿ.
ಕಲಿಸಾಕ ಬಂದಾಕಿ ಕರಾಟೆ ಹುಡುಗಿ ಮೆಹರುನ್ನೀಸಾ:
‘ಬಡಿಯೂದು ಆಮ್ಯಾಲ. ಮೊದಲ ಎರಡ ಹೆಜ್ಜಿ ದೂರ ನಿಲ್ಲರಿ.
ಚೀಲ ಕಸಗೊಂಡ್ರ ಬಿಟ್ಟಬಿಡ್ರಿ, ಕೈ ಮುರಕೋಬ್ಯಾಡ್ರಿ.
ಈಗ ಒಬ್ಬೊಬ್ಬರ ಒದರ್ರಿ.’

ಕಾಶವ್ವನ ಬಾಯಾಗ ಸೆರಗು.
ಚಂಪಾಬಾಯಿ ‘ಏ’ ಅಂದ್ಳು, ಬೆಕ್ಕಿಗೆ ಅಂದಂಗ.
ನನ್ನ ಪಾಳಿ ಬಂತು.

ಮೂವತ್ತೆಂಟು ವರ್ಷ ಪವರ್‌ಲೂಮಿನ ಮಗ್ಗಲಕ
‘ಎಳಿ ಹರೀತು’ ಅನ್ನಾಕ, ‘ನೀರ ಕೊಡ’ ಅನ್ನಾಕ,
ಕೂಸಿಗೆ ಜೋಗುಳ ಹಾಡಾಕ ಸೈತ
ಖಟಪಟದ ಮ್ಯಾಲ ಏರಿಸಿದ ದನಿ ಇದು.
ಕಿವಿ ಹೋತು. ದನಿ ಉಳೀತು.

ಒದರಿದೆ.
ತಗಡಿನ ಮ್ಯಾಲಿನ ಪಾರಿವಾಳ ಹಾರಿ ಹೋದವು,
ಚಹಾದ ಹುಡುಗ ಕಿಟ್ಲಿ ಸಮೇತ ಓಡಿ ಬಂದ.

ಮರುದಿನ ಮುಚ್ಚಂಜಿ, ಪಿಂಚಣಿ ರೊಕ್ಕ ಸೊಂಟದಾಗ.
ಹಿಂದಿಂದ ಬೈಕಿನ ಬೆಳಕು
ನನ್ನ ನೆರಳ ಉದ್ದ ಮಾಡ್ತು, ನಿಂತಬಿಡ್ತು.
ಒದರಿದೆ.
ಹುಡುಗ ಬೈಕ್ ಸಮೇತ ಗಟಾರದಾಗ.
ಅವನ ತುಟಿ ನೋಡಿ ತಿಳಕೊಂಡೆ:
‘ಜಮಖಂಡಿ ದಾರಿ ಕೇಳಾಂವಿದ್ನಿ, ಯವ್ವಾ.’

ಕೋಲ ಚಾಚಿ ಎಬ್ಬಿಸಿದೆ, ರಾಡಿ ಒರಸ್ಕೋ ಅಂದೆ.
ಬಾವಿ ದಾಟಿ ಎಡಕ್ಕ ಹೊಳ್ಳು ಅಂತ
ದಾರಿನೂ ತೋರಿಸಿದೆ,
ಎರಡ ಹೆಜ್ಜಿ ದೂರ ನಿಂತು.