ಒಂದೇ ವರ್ನಿಯರ್

ಸೋಮವಾರ ಬಂಗಾರಪೇಟೆ, ಬುಧವಾರ ಮುಳಬಾಗಿಲು,
ಶುಕ್ರವಾರ ಮಾಲೂರು.
ಕಾಲೇಜು ಒಂದೇ, ಕಟ್ಟಡ ಮೂರು,
ನೆಟ್ಟಗಿರುವ ವರ್ನಿಯರ್ ಒಂದು:
ನನ್ನ ಚೀಲದಲ್ಲಿ, ಮೊಸರನ್ನದ ಡಬ್ಬಿಗೆ ಒರಗಿ
ಬಸ್ಸಿನಲ್ಲಿ ಓಡಾಡುತ್ತದೆ.
ಕಂಡಕ್ಟರ್ ಕೇಳಿದ, ‘ಏನ್ ಸಾರ್, ಇಕ್ಕಳಾನಾ?’
ಹೂಂ ಅಂದೆ.

ಮುಳಬಾಗಿಲಲ್ಲಿ ಮುನಿರತ್ನಮ್ಮ,
ನಲವತ್ತೊಂದು ವಯಸ್ಸು, ಫಿಟ್ಟರ್ ಮೊದಲ ವರ್ಷ,
ಮಗನ ಹಳೇ ಶೂ ತೊಟ್ಟು
ಅರ ಉಜ್ಜಿದ ಕಬ್ಬಿಣದ ತುಂಡು ಹಿಡಿದು ನಿಂತಿದ್ದಳು.
‘ಅಳತೆ ಬರೋದು ಇವತ್ತಲ್ವಾ ಸಾರ್,
ಅಷ್ಟರೊಳಗೆ ಉಗುರಲ್ಲಿ ನೋಡಿದೆ.
ಈ ಮೂಲೇಲಿ ಒಂದು ಕೂದಲು ಜಾಸ್ತಿ ಐತೆ.’

ಕಚ್ಚಿಸಿ ನೋಡಿದೆ.
ಸೊನ್ನೆ ಪಾಯಿಂಟ್ ಸೊನ್ನೆ ಆರು.
ಕೂದಲೇ.

ಶುಕ್ರವಾರ ಮಾಲೂರಿನಲ್ಲಿ
ಚೀಲ ಬಿಚ್ಚುವ ಮುಂಚೆ
ಹುಡುಗರು ಕಾಣದ ಹಾಗೆ
ನಾನೂ ಉಗುರು ಆಡಿಸಿದೆ.
ಏನೂ ತಿಳಿಯಲಿಲ್ಲ.