ಮಿಸ್ಸಿಂಗ್

ಹಾಸನದ ಡಿಪೋದಲ್ಲಿ ಹದಿನಾಲ್ಕು ವರ್ಷ
ಬಾನೆಟ್ಟಿಗೆ ಕಿವಿಯಿಟ್ಟೇ ಅನ್ನ ತಿಂದವನು.
ಸಕಲೇಶಪುರದ ಘಾಟಿ ಹತ್ತಿ ಬಂದ ಬಸ್ಸು
ಗೇಟು ದಾಟುವ ಮೊದಲೇ ಹೇಳಿಬಿಡುತ್ತೇನೆ
ಯಾವ ಇಂಜೆಕ್ಟರ್ ಕಟ್ಟಿಕೊಂಡಿದೆ ಎಂದು.

ಮೌಲ್ಯಳಿಗೆ ಆರು. ಅವಳ ಗೊರಕೆಗೆ ಎರಡು.
'ಥೇಟ್ ಅವರ ತಾತನೇ' ಎಂದು ನಮ್ಮವ್ವ ಹಿಗ್ಗಿದ್ದಳು.
ಚನ್ನರಾಯಪಟ್ಟಣದ ಮದುವೆ ಛತ್ರದಲ್ಲಿ
ಸಾಲಾಗಿ ಮಲಗಿದ್ದವರೆಲ್ಲ ಎದ್ದು ಕೂತು
ಇಷ್ಟುದ್ದ ಮಗು, ಅಷ್ಟುದ್ದ ಗೊರಕೆ ಎಂದು ನಕ್ಕಿದ್ದರು.
ನಾನೂ ನಕ್ಕಿದ್ದೆ.
ಗೊರಕೆಯೆಂದರೆ ಗಾಢ ನಿದ್ದೆ, ಹೊಟ್ಟೆ ತುಂಬಿದ ಗುರುತು.

ಹೇಮಲತಾ ನಕ್ಕಿರಲಿಲ್ಲ.
ಮಾಗಿಯ ಚಳಿಯಲ್ಲೂ ಬೆವರಿಗೆ ತೊಯ್ದ
ದಿಂಬಿನ ಚೀಲ ಹಿಂಡುವವಳು ಅವಳು.
ಯಾವತ್ತೋ ನಿಂತಿದ್ದ ಉಚ್ಚೆ ಹಾಸಿಗೆ ಮತ್ತೆ ಶುರುವಾಗಿತ್ತು.
ಶಾಲೆ ಡೈರಿಯಲ್ಲಿ ಕೆಂಪು ಶಾಯಿ:
ಪಾಠದ ನಡುವೆ ತೂಕಡಿಸುತ್ತಾಳೆ,
ಎಬ್ಬಿಸಿದರೆ ಪಕ್ಕದವಳಿಗೆ ಹೊಡೆಯುತ್ತಾಳೆ.
'ಹತ್ತು ಗಂಟೆ ಮಲಗೋ ಮಗು
ಯಾಕೆ ದಣೀಬೇಕು, ಹೇಳಿ?'

ಆ ರಾತ್ರಿ ತಣ್ಣೀರುಹಳ್ಳಕ್ಕೆಲ್ಲ ಕರೆಂಟಿರಲಿಲ್ಲ.
ಫ್ರಿಜ್ಜಿನ ಗುಂಯ್‌ಗುಡುವಿಕೆ ಇಲ್ಲದ ಮನೆಯಲ್ಲಿ
ಮೊದಲ ಸಲ ಕಿವಿಗೊಟ್ಟೆ.
ಎಳೆತ, ಎಳೆತ, ಎಳೆತ,
ಆಮೇಲೆ ಏನೂ ಇಲ್ಲ.
ಹೊಟ್ಟೆ ಉಬ್ಬುತ್ತಿದೆ, ಎದೆಗೂಡು ಒಳಕ್ಕೆ ಸೇದುತ್ತಿದೆ,
ಕತ್ತು ಹಿಂದಕ್ಕೆ ಚಾಚಿ ಬಾಯಿ ತೆರೆದಿದೆ,
ಗಾಳಿ ಮಾತ್ರ ಹೊಸಿಲಲ್ಲೇ ನಿಂತಿದೆ.
ಎಂಟು. ಒಂಬತ್ತು. ಹತ್ತು.
ನಾನು ಎಣಿಸುತ್ತಿದ್ದೇನೆಂದು ಗೊತ್ತಾದದ್ದೇ
ಹನ್ನೊಂದಕ್ಕೆ ಗಕ್ಕೆಂದು ಉಸಿರು ಮರಳಿದಾಗ.

ಮಿಸ್ ಹೊಡೆಯುವ ಗಾಡಿಯನ್ನು ರೂಟಿಗೆ ಬಿಟ್ಟವನಲ್ಲ ನಾನು.
ಇವಳನ್ನು ಬಿಟ್ಟಿದ್ದೇನೆ ಎರಡು ವರ್ಷ,
ದಿನಾ ರಾತ್ರಿ ಪಾಳಿಗೆ, ಒಬ್ಬಳನ್ನೇ.

ದೊಡ್ಡಾಸ್ಪತ್ರೆಯಲ್ಲಿ ಟೋಕನ್ ಅರವತ್ತೆರಡು.
ಎಷ್ಟು ಜೋರು ಎಂದು ಡಾಕ್ಟರಮ್ಮ ಕೇಳಲೇ ಇಲ್ಲ.
'ನಡುವೆ ನಿಲ್ಲುತ್ತಾ?'
ಶೀತದ ಜೊತೆ ಬಂದು ಹೋಗುವುದು ಬೇರೆಯಂತೆ,
ವಾರವೆಲ್ಲ ಕೂತುಬಿಡುವುದು ಬೇರೆ.
ಗಂಟಲಲ್ಲಿ ನೆಲ್ಲಿಕಾಯಿಯಂಥ ಎರಡು ಗಡ್ಡೆ,
ಮೂಗಿನ ಹಿಂದೆಯೂ ಮಾಂಸ ಬೆಳೆದಿರಬಹುದು.
ಒಂದು ರಾತ್ರಿ ಇಲ್ಲೇ ಮಲಗಿಸಿ ನೋಡೋಣ,
ತೆಗೆಯುವುದೋ ಬಿಡುವುದೋ ಆಮೇಲೆ.

ಮೊಬೈಲಿನಲ್ಲಿ ಹಿಡಿದದ್ದನ್ನು
ಮೇಜಿನ ಮೇಲಿಟ್ಟು ಒತ್ತಿದೆ.
ಮೌಲ್ಯ ತೊಡೆಯಿಂದ ಇಳಿದು ಹತ್ತಿರ ಬಂದಳು,
ಥೇಟ್ ನನ್ನ ಹಾಗೆ ತಲೆ ಓರೆ ಮಾಡಿ
ಕಿವಿಯಿಟ್ಟಳು. ನಕ್ಕಳು.
'ಇದ್ಯಾವೂರ ಬಸ್ಸಪ್ಪಾ?'

ಆಮೇಲೆ, ಸದ್ದಿಲ್ಲದ ಜಾಗ ಬಂದಾಗ,
ನನ್ನ ಮುಖ ನೋಡಿದಳು:
'ಯಾಕೆ ನಿಂತೋಯ್ತು?'