ಸಿಹಿನೀರು

ಜುಲೈ ತಿಂಗಳ ಬಸ್ರಾದಲ್ಲಿ
ನನ್ನ ಹೆಸರು "ಬೇಗ ಬಾ".
ಫೋನೆತ್ತಿದರೆ ಎಲ್ಲರದೂ ಒಂದೇ ರಾಗ:
ಗ್ಯಾಸು ಮುಗಿದಿದೆ, ತುಂಬಿಸಿಕೊಡು.
ಮುಗಿಯಲಿಕ್ಕೆ ಅದೇನು ಡಬ್ಬಿಯ ಸಕ್ಕರೆಯೇ?
ಸುತ್ತಿ ಸುತ್ತಿ ಅದೇ ಇರುತ್ತದೆ ಒಳಗೆ.
ಎಲ್ಲೋ ತೂತು ಬಿದ್ದರೆ ಹೋಗುತ್ತದೆ,
ಮನೆಯ ಗುಟ್ಟು ಹೋದ ಹಾಗೆ.

ವಜೀಹಾ ಮಾತ್ರ ಬೇರೆ ಹೇಳಿದಳು:
"ನನ್ನ ಏಸಿ ನೀರು ಬಿಡುತ್ತಿಲ್ಲ."
ಗೋಡೆ ನೆನೆಯಿತು, ಹಾಸಿಗೆ ಮುಗ್ಗಿತು ಎಂದು
ಬೈದವರನ್ನು ಕಂಡಿದ್ದೇನೆ ಇಪ್ಪತ್ತೆರಡು ವರ್ಷ.
ನೀರು ಬರಲಿಲ್ಲವೆಂದು ದೂರಿದವಳು ಇವಳೊಬ್ಬಳೇ.

ಹೋದೆವು. ಲೈಥ್ ಏಣಿ ಹೊತ್ತ, ನಾನು ಗೇಜು.
ಅಶಾರಿನ ಓಣಿಯಲ್ಲಿ ಚಪ್ಪಲಿ ಡಾಂಬರಿಗೆ ಅಂಟುತ್ತಿತ್ತು.
ಅಂಗಳದ ಮೂಲೆ, ಕೊಳವೆಯ ಬಾಯಡಿ
ತುಪ್ಪದ ಹಳೆಯ ಡಬ್ಬ, ಖಾಲಿ.
ಪಕ್ಕದಲ್ಲಿ ಮೊಣಕಾಲೆತ್ತರದ ನಿಂಬೆಗಿಡ,
ಎಲೆಯಂಚೆಲ್ಲ ಕರಕಲು.

"ನಲ್ಲಿಯ ನೀರು ಹಾಕಬಾರದೇ?"
ಲೈಥ್ ಮೊಸೂಲಿನ ಹುಡುಗ, ಹೊಸಬ.
ಅವಳು ಲೋಟ ಕೊಟ್ಟಳು. ಬಾಯಿಗೆ ಹಾಕಿದ. ಉಗಿದ.
ಉಪ್ಪು ತಿಂದವರು ನೀರು ಕುಡಿಯಬೇಕಂತೆ;
ಇಲ್ಲಿ ನೀರು ಕುಡಿದವರು ಉಪ್ಪು ತಿಂದಿರುತ್ತಾರೆ.
ಸಮುದ್ರ ನದಿಯೊಳಗೆ ನಡೆದು ಬರುತ್ತಿದೆ
ಕರೆಯದ ನೆಂಟನಂತೆ,
ಪ್ರತಿ ಬೇಸಿಗೆಗೆ ಒಂದೊಂದು ಕೋಣೆ ಒಳಗೆ.

"ಶರ್ಜಿ ಬೀಸಿದರೆ ನೀವೆಲ್ಲ ಶಾಪ ಹಾಕುತ್ತೀರಿ," ಎಂದಳು,
"ಆ ತೇವದ ಗಾಳಿಗೆ ನನ್ನ ಡಬ್ಬ
ದಿನಕ್ಕೆರಡು ಸಲ ತುಂಬುತ್ತಿತ್ತು.
ಗಾಳಿಯಿಂದ ಹಿಂಡಿದ ಸಿಹಿನೀರು."

ಮುಚ್ಚಳ ತೆಗೆದೆ.
ಐವತ್ತು ಡಿಗ್ರಿಯ ಊರಿನ ಗೋಡೆಯ ಮೇಲೆ
ಹಿಮ.
ಲೈಥ್ ಬೆರಳಿಟ್ಟು ನಕ್ಕ, ಏನು ತಂಪು ಎಂದ.
ಉಸಿರುಗಟ್ಟಿದರೂ ಹೀಗೇ ತಣ್ಣಗಾಗುತ್ತದೆ ಮೈ.
ಜಾಲರಿ ಎಳೆದರೆ ಕೈಗೆ ಜಮಖಾನ ಬಂತು:
ಮೂರು ಧೂಳುಗಾಳಿ, ಒಂದು ಬೆಕ್ಕಿನ ಕೂದಲು,
ಸುಮಾರಾಗಿ ಅರ್ಧ ಮರುಭೂಮಿ.
ಗಾಳಿ ನುಗ್ಗಲಾರದೆ ಸುರುಳಿ ಮಂಜುಗಟ್ಟಿ
ಬಂದ ಹನಿಯನ್ನೆಲ್ಲ ಬಚ್ಚಿಟ್ಟುಕೊಂಡು ಕೂತಿತ್ತು
ಜಿಪುಣನ ಪೆಟ್ಟಿಗೆ.

"ತೊಳೆಯುತ್ತಿದ್ದವರು ಯಾರು?"
ಗದ್ದ ಎತ್ತಿ ಪಕ್ಕದ ಕೋಣೆ ತೋರಿಸಿದಳು.
"ಅವರು. ಶುಕ್ರವಾರ ಶುಕ್ರವಾರ. ಏಪ್ರಿಲಿನ ತನಕ."
ಏಪ್ರಿಲಿನಲ್ಲಿ ಏನಾಯಿತೆಂದು
ಮೆಕ್ಯಾನಿಕ್ ಆದವನು ಕೇಳುವುದಿಲ್ಲ.
ಬಾಗಿಲ ಸಂದಿಯಲ್ಲಿ ಒಂದು ಸಿಗರೇಟು ಕೆಮ್ಮಿತು.

ಹಾಗಾಗಿ ಗಟ್ಟಿಯಾಗಿ ಹೇಳಿದೆ, ಗೋಡೆಗೂ ಕೇಳುವಷ್ಟು:
ಹದಿನೈದು ದಿನಕ್ಕೊಮ್ಮೆ ಜಾಲರಿ ತೊಳೆಯಿರಿ,
ಧೂಳೆದ್ದ ಮಾರನೆಯ ದಿನ ತಪ್ಪದೆ.
ನೆರಳಿನಲ್ಲಿ ಒಣಗಿಸಿ, ಬಿಸಿಲಿಗೆ ಸೊಟ್ಟಗಾದೀತು.
ಜನರೇಟರ್ ಹತ್ತಿದ ಕೂಡಲೇ ಗುಂಡಿ ಒತ್ತಬೇಡಿ,
ಮೂರು ನಿಮಿಷ, ಒಂದು ಚಹಾ, ಆಮೇಲೆ.
ಅವಸರಕ್ಕೆ ಸತ್ತ ಕಂಪ್ರೆಸರುಗಳನ್ನೇ
ಹೆಚ್ಚು ಹೊತ್ತಿದ್ದೇನೆ ನಾನು.
ಹೊರಗಿನ ಯಂತ್ರದ ಮೇಲೆ ಬೆಡ್‌ಶೀಟು ಹರವಬೇಡಿ,
ಅದರ ಬೆನ್ನಿಗೂ ಗಾಳಿ ಬೇಕು.
ಕೊಳವೆಯಲ್ಲಿ ಪಾಚಿ ಕಟ್ಟುತ್ತದೆ, ತಿಂಗಳಿಗೊಮ್ಮೆ ಊದಿ.
ಇನ್ನು, ಮಂಜು ಕಂಡರೆ
ಚಾಕು ಹಾಕಿ ಕೆರೆಯಬೇಡಿ.
ಆರಿಸಿ. ಸುಮ್ಮನೆ ಕಾಯಿರಿ. ತಾನೇ ಕರಗುತ್ತದೆ.
ಅದೊಂದನ್ನು ಎರಡು ಸಲ ಹೇಳಿದೆ.

ತೊಳೆಯಲೆಂದು ಜಾಲರಿ ಹಿಡಿದು ಹೊರಬಂದರೆ
ಬಚ್ಚಲ ಬಾಗಿಲಲ್ಲಿ ಚಾಸಿಬ್,
ಅಂಗಿಯ ತೋಳು ಮೇಲೆ ಮಡಚಿ
ಕೈ ಚಾಚಿ ನಿಂತಿದ್ದ.
ಕೊಟ್ಟೆ.
ಒಳಗಿನಿಂದ ಅವಳು,
ನನಗೋ ಯಾರಿಗೋ:
"ಬ್ರಷ್ಷು ಕಿಟಕಿಯ ಮೇಲಿದೆ."

"ಗ್ಯಾಸಿಗೆ ಎಷ್ಟಾಯಿತು?"
"ಏನೂ ಇಲ್ಲ. ಇತ್ತು, ಅಲ್ಲೇ ಇತ್ತು."

ಕೊಳವೆ ಮೊದಲು ಕೆಸರು ಕಾರಿತು.
ಗೇಟು ದಾಟುವಾಗ ಹಿಂದಿನಿಂದ
ತುಪ್ಪದ ಡಬ್ಬದ ತಳಕ್ಕೆ
ಟಣ್.
"ಹಾಗಾದರೆ ಕೆಟ್ಟಿದ್ದೇನು?" ಕೇಳಿದ ಲೈಥ್.
ಏಣಿ ಹೊರು, ಹುಡುಗಾ,
ಇನ್ನೂ ಆರು ಮನೆಯಲ್ಲಿ ಗ್ಯಾಸು ಮುಗಿದಿದೆ.